ಹುಳಿ ಬಂದ ಕೊಳ

ನನ್ನ ಕಣ್ಣಿಗೆ ಕನ್ನಡಕ ಬಂದಿದೆ, ಕಿವಿ ತನಗೆ ಬೇಕಾದದ್ದನ್ನಷ್ಟೇ ಕೇಳುತ್ತದೆ, ಮೊಣಕಾಲಿನ ಸುದ್ದಿ ಬೇಡ. ಮೂಗು ಮಾತ್ರ ಇನ್ನೂ ರಿಟೈರ್ ಆಗಿಲ್ಲ. ತ್ರಿಪ್ಲಿಕೇನಿನಲ್ಲಿ ದೊಡ್ಡಪ್ಪ ನಡೆಸುತ್ತಿದ್ದ ಮೆಸ್ಸಿನ ಅಡುಗೆಮನೆಯಲ್ಲಿ ಬೆಳೆದ ಮೂಗು ಅದು. ಅಲ್ಲಿನ ಹಿರಿಯರು ಕೆಟ್ಟ ವಾಸನೆ ಎಂದಷ್ಟೇ ಹೇಳಿ ಕೈ ತೊಳೆದುಕೊಳ್ಳುವ ಸೋಮಾರಿಗಳಲ್ಲ. ಎಣ್ಣೆ ಹಳತಾದರೆ ಕಮಟು, ಅಕ್ಕಿ ತೇವ ಹಿಡಿದರೆ ಮುಗ್ಗಲು, ನಿನ್ನೆಯ ಸಾರು ಹಳಸಲು, ಯಾವುದಕ್ಕೂ ಸೇರದ್ದು ನಾತ. ಅ ಆ ಇ ಈ ಕಲಿಯುವ ಮೊದಲೇ ನಾನು ಈ ವರ್ಣಮಾಲೆ ಕಲಿತಿದ್ದೆ. ಇಷ್ಟು ಜಂಬ ಕೊಚ್ಚಲು ಕಾರಣವುಂಟು: ಅಡ್ಯಾರಿನ ನಮ್ಮ ಬಡಾವಣೆಯ ಕೊಳ ಇವತ್ತು ಕೊಳವಾಗಿಯೇ ಉಳಿದಿದ್ದರೆ ಅದರಲ್ಲಿ ಈ ಮೂಗಿನ ಪಾಲೂ ಇದೆ.

ಕೊಳವೆಂದರೆ ತಾವರೆ, ಹಂಸ ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ತಮಿಳರ ಐಪ್ಪಸಿ ತಿಂಗಳಲ್ಲಿ, ಅಂದರೆ ದೀಪಾವಳಿಯ ಹೊತ್ತಿಗೆ, ಸುರಿಯುವ ಮಳೆಗೆ ಬೀದಿಗಳ ನೀರೆಲ್ಲ ಮಳೆಚರಂಡಿಯಲ್ಲಿ ಓಡಿಬಂದು ನಿಲ್ಲುವ ತಗ್ಗು ಅದು. ಆ ನೀರನ್ನು ಕೊಳ ಕುಡಿಯದಿದ್ದರೆ ನಮ್ಮ ನೆಲಮಹಡಿಗಳು ಕುಡಿಯಬೇಕು. ಹೋದ ಬೇಸಿಗೆಯಲ್ಲಿ ಅದು ನಾರತೊಡಗಿತು. ನೀರಿಗೆ ಬಟಾಣಿ ಬೇಯಿಸಿದ ಬಣ್ಣ ಬಂತು, ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲಿದವು. ಬ್ಲೀಚಿಂಗ್ ಪೌಡರ್ ಸುರಿದದ್ದೂ ಆಯಿತು. ಒಂದು ದಿನ ಆಸ್ಪತ್ರೆಯ ವಾಸನೆ, ಮರುದಿನ ಮತ್ತದೇ ರಾಗ. ಕೊನೆಗೆ ಸಂಘದ ಕಾರ್ಯದರ್ಶಿ ಸುಂದರಂ, "ಪೇಸಾಮೆ ಮಣ್ಣು ಕೊಟ್ಟಿ ಮೂಡಿಡಲಾಂ ಸಾರ್, ಕಾರ್ ಪಾರ್ಕಿಂಗ್ ಆಚ್ಚು!" ಎಂದರು. ಸುಮ್ಮನೆ ಮಣ್ಣು ಸುರಿದು ಮುಚ್ಚೋಣ ಎಂಬ ಈ ಮಾತಿಗೆ ಕಾರಿದ್ದವರ ತಲೆಗಳೆಲ್ಲ ಆಡಿದವು. ನಮ್ಮ ಆಷಾಢದಂತೆ ತಮಿಳರ ಆಡಿ ತಿಂಗಳಲ್ಲಿ ಹೊಸ ಕೆಲಸ ಆಗದು, ಕಳೆದ ಮೇಲೆ ಸಭೆ ಸೇರಿ ಕೈ ಎತ್ತುವುದೆಂದಾಯಿತು. ಆ ತಿಂಗಳೇ ಕೊಳಕ್ಕೆ ಸಿಕ್ಕ ಆಯುಸ್ಸು.

ಒಂದು ಬೆಳಿಗ್ಗೆ, ಮೊಣಕಾಲಿನ ಅನುಮತಿ ಪಡೆದು, ಚರಂಡಿ ಕೊಳಕ್ಕೆ ಸೇರುವ ಬಾಯಿಯ ಬಳಿ ಬಗ್ಗಿದೆ. ಬೇರೆ ನಾತಗಳ ಅಡಿಯಲ್ಲಿ ಒಂದು ಹುಳಿ. ಉದ್ದಿನ ಹಿಟ್ಟನ್ನು ಮುಚ್ಚಿಟ್ಟು ಮರೆತರೆ ಬರುವ ಹುಳಿ! ಪತ್ತೆ ಹಚ್ಚಿದ ಹೆಮ್ಮೆ ಅರೆಗಳಿಗೆ ಇತ್ತು. ಮರುಗಳಿಗೆ ಅದು ಇಳಿಯಿತು. ನಮ್ಮ ಬಡಾವಣೆಯಲ್ಲಿ ಬಕೆಟ್ಟುಗಟ್ಟಲೆ ಹಿಟ್ಟು ರುಬ್ಬಿ ಪ್ಯಾಕೆಟ್ಟು ಮಾರುವವಳು ಒಬ್ಬಳೇ: ನಮ್ಮ ದೊಡ್ಡಪ್ಪನ ಮಗಳು ಶಾಂತಕ್ಕ.

"ಎಂತ ಮಾರಾಯ, ನನ್ನ ಹಿಟ್ಟು ನಾರ್ತದೆ ಅಂತ ಹೇಳ್ಲಿಕ್ಕೆ ಬಂದದ್ದಾ?" ಶಾಂತಕ್ಕ ಸೆರಗು ಬಿಗಿದಳು.

"ಹಿಟ್ಟಲ್ಲ ಅಕ್ಕಾ, ಗ್ರೈಂಡರ್ ತೊಳೆದ ನೀರು. ಅದನ್ನ ಎಲ್ಲಿಗೆ ಚೆಲ್ಲುದು?"

"ಮಳೆಚರಂಡಿಗೆ. ಮತ್ತೆ ಕಕ್ಕಸು ನೀರಿನೊಟ್ಟಿಗೆ ಅನ್ನ ಸೇರಿಸ್ಲಿಕ್ಕೆ ಆಗ್ತದಾ? ಅಪ್ಪ ಇದ್ದಿದ್ರೆ ಸೌಟಲ್ಲಿ ಕೊಡ್ತಿದ್ರು. ಕೊಳದಲ್ಲಿ ಮೀನು ಉಂಟು, ತಿಂತದೆ."

ಅವಳು ಹೇಳಿದ್ದು ನಿಜ. ಮೆಸ್ಸಿನಲ್ಲಿ ಅಕ್ಕಿ ತೊಳೆದ ನೀರು, ಹಿಟ್ಟಿನ ನೀರು ಎಂಜಲು ಮೋರಿಗೆ ಬೀಳುವಂತಿರಲಿಲ್ಲ. ಅನ್ನದ ಅಂಶ ಅದು, ಕಲಗಚ್ಚಿನ ತಪ್ಪಲೆಗೆ ಹೋಗಿ ಅಲ್ಲಿಂದ ಎಮ್ಮೆಯ ಬಾಯಿಗೆ. ಶಾಂತಕ್ಕ ಸಂಪ್ರದಾಯವನ್ನು ಅಡ್ಯಾರಿಗೆ ತಂದಿದ್ದಳು, ಎಮ್ಮೆಯನ್ನು ತಂದಿರಲಿಲ್ಲ. ನಿಂತ ನೀರಿಗೆ ಹಿಟ್ಟು ಬಿದ್ದರೆ ಕಣ್ಣಿಗೆ ಕಾಣದ ಜೀವಿಗಳಿಗೆ ಮದುವೆಯೂಟ. ಉಣ್ಣುವ ಭರದಲ್ಲಿ ನೀರೊಳಗಿನ ಗಾಳಿಯನ್ನೆಲ್ಲ ಅವೇ ಮುಗಿಸುತ್ತವೆ, ಮೀನಿಗೆ ಉಸಿರಿಲ್ಲ. ಆಮೇಲೆ ಬರುವ ಎರಡನೇ ಪಂಕ್ತಿಯವರಿಗೆ ಗಾಳಿಯೇ ಬೇಡ; ನಾತ ಅವರ ತೇಗು. ಭಕ್ತಿಯೂ ಕೊಳೆಯಬಲ್ಲದು ಎಂದು ನನಗೆ ಹೊಳೆದದ್ದು ಆಗ.

ವಿವರಿಸಿದರೆ ಶಾಂತಕ್ಕ ಒಪ್ಪುವವಳೇ? "ಬಂದು ಮೂಸಿ ನೋಡು" ಎಂದೆ. ಬಂದಳು. ಬೆರಳು ಅದ್ದಿದಳು, ಮೂಗಿನ ಹತ್ತಿರ ತಂದಳು. ದೊಡ್ಡಪ್ಪನದೇ ಗತ್ತು. ಆಮೇಲೆ ತೇಲುತ್ತಿದ್ದ ಮೀನೊಂದನ್ನು ನೋಡಿದಳು.

"ನಂದೇ," ಎಂದಳು. "ಉಣ್ಲಿಕ್ಕೆ ಹಾಕಿ ಕೊಂದೆನಲ್ಲ ಮಾರಾಯ."

ಮರುದಿನವೇ ಅವಳ ಗ್ರೈಂಡರಿನ ಪಕ್ಕ ಕಲಗಚ್ಚಿನ ಡಬ್ಬ ಬಂತು, ಹಿಂದಿನ ಬೀದಿಯ ಹಾಲಿನವನ ಎಮ್ಮೆಗೆ ಸುಯೋಗ ಬಂತು. ಚರಂಡಿಯ ಬಾಯಲ್ಲಿ ಗಟ್ಟಿಯಾಗಿದ್ದ ಕೆಸರನ್ನು ಆಳು ಹಿಡಿದು ತೆಗೆಸಿದೆವು. ಶಾಂತಕ್ಕನೇ ಒಂದು ಸಣ್ಣ ಕಾರಂಜಿ ಪಂಪು ತಂದು ನೀರಿಗೆ ಗಾಳಿ ಕುಡಿಸಿದಳು. ಬ್ಲೀಚಿಂಗ್ ಪೌಡರಿಗೆ ರಜೆ.

ಆಡಿ ಕಳೆಯಿತು. ಸಭೆಯ ಕುರ್ಚಿಗಳನ್ನು ಕೊಳದ ದಂಡೆಯಲ್ಲೇ ಹಾಕಿಸಿ ಎಂದೆ. ಸುಂದರಂ ಗೊಣಗುತ್ತ ಒಪ್ಪಿದರು. ಫಿಲ್ಟರ್ ಕಾಫಿ ಬಂತು, ಕುಡಿದದ್ದಾಯಿತು. ಸುಂದರಂ ಮುಚ್ಚುವ ವಿಷಯ ಎತ್ತುತ್ತಿದ್ದಂತೆ ಶಾಂತಕ್ಕ ಎದ್ದು ನಿಂತು, ನಾರಿದ್ದು ತನ್ನ ಹಿಟ್ಟಿನ ನೀರೆಂದೂ ಈಗ ಅದನ್ನು ಎಮ್ಮೆ ಕುಡಿಯುತ್ತಿದೆಯೆಂದೂ ತಮಿಳಿನಲ್ಲಿ ಸಾರಿದಳು. ಆಮೇಲೆ, "ಸುಂದರಂ ಸಾರ್, ಕಾಫಿ ವಾಸನೆ ನಲ್ಲಾ ಇರುಂದುದಾ?" ಘಮ ಚೆನ್ನಾಗಿತ್ತೇ ಎಂದು ವಿಚಾರಿಸಿದಳು.

"ಪ್ರಮಾದಂ ಮಾಮಿ!" ಎಂದುಬಿಟ್ಟರು ಸುಂದರಂ. ಕನ್ನಡದಲ್ಲಿ ಪ್ರಮಾದವೆಂದರೆ ತಪ್ಪು, ತಮಿಳಿನಲ್ಲಿ ಅದ್ಭುತ. ಕೊಳದ ದಂಡೆಯಲ್ಲಿ ಕೂತು ಕಾಫಿಯ ಘಮ ಹೊಗಳಿದ ಮೇಲೆ ಮಣ್ಣಿನ ಮಾತೆಲ್ಲಿ! ಸಭೆ ನಕ್ಕಿತು; ಮುಚ್ಚಲು ಯಾರ ಕೈಯೂ ಏಳಲಿಲ್ಲ.

ಐಪ್ಪಸಿ ಮಳೆ ಈ ಸಲ ಜೋರಾಗಿಯೇ ಬಂತು. ಕೊಳ ಹೊಟ್ಟೆ ತುಂಬ ಕುಡಿಯಿತು, ನೆಲಮಹಡಿಗಳು ಒಣಗಿದ್ದವು. ಶಾಂತಕ್ಕ ಈಗಲೂ ಬೆಳಿಗ್ಗೆ ಬಂದು ಬೆರಳು ಅದ್ದಿ ಮೂಸಿ, "ಸರಿ ಉಂಟು, ದೋಸೆ ಹೊಯ್ಬಹುದು" ಎಂದು ತೀರ್ಪು ಕೊಡುತ್ತಾಳೆ.

ಅಡುಗೆಯವನ ಕೀರ್ತಿ ಬೀದಿಗೆಲ್ಲ ಹರಡುವ ಘಮದಲ್ಲಿದೆ. ಕೊಳ ಕಾಯುವವರ ಕೀರ್ತಿಗೆ ವಾಸನೆಯೇ ಇಲ್ಲ. ನಿನ್ನೆ ಹೊಸದಾಗಿ ಬಾಡಿಗೆಗೆ ಬಂದವರೊಬ್ಬರು ಕೈ ಬೀಸುತ್ತ, ದೀರ್ಘವಾಗಿ ಉಸಿರೆಳೆಯುತ್ತ ನಮ್ಮೆದುರೇ ದಾಟಿಹೋದರು. ಕೊಳವನ್ನೂ ನೋಡಲಿಲ್ಲ, ನಮ್ಮನ್ನೂ ನೋಡಲಿಲ್ಲ. ಶಾಂತಕ್ಕ ಮೊಣಕೈಯಿಂದ ತಿವಿದಳು: "ನೋಡಿದ್ಯಾ? ಮೂಗು ಮುಚ್ಲಿಲ್ಲ!"

ನಾವಿಬ್ಬರೂ, ಸನ್ಮಾನ ಮುಗಿಸಿಕೊಂಡವರ ಹಾಗೆ, ಮನೆಗೆ ನಡೆದೆವು.