ದೀವಿಹಲಸಿನ ಮಾಸ್ತರರಿಗೆ ಆಯ

ನಮ್ಮೂರು ಮಸ್ಕಿಯಿಂದ ಎತ್ತಿನ ಬಂಡಿಯಲ್ಲಿ ಒಂದು ಹೊತ್ತಿನ ದಾರಿ. ನನ್ನ ತವರೂ ಅದೇ ಊರು, ಅತ್ತೆಮನೆಯೂ ಅದೇ ಊರು. ಮದುವೆಯಲ್ಲಿ ಅಪ್ಪ ಅರಿಶಿನ-ಕುಂಕುಮಕ್ಕೆಂದು ಬಾವಿ ಪಕ್ಕದ ಒಂದು ತುಂಡು ಹೊಲ ಕೊಟ್ಟಿದ್ದ. ಕೊಟ್ಟಿದ್ದು ನನಗೆ, ಉಳುತ್ತಿದ್ದವರು ಮಾತ್ರ ನನ್ನ ಗಂಡನ ಅಣ್ಣ, ಅಂದರೆ ನಮ್ಮ ಭಾವ. ಅಲ್ಲಿ ನಾಲ್ಕು ಬದನೆ ಗಿಡ ಹಚ್ಚಬೇಕೆಂದರೂ ಅವರ ಅಪ್ಪಣೆ ಬೇಕಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಗಂಡನಿಗೆ ಹೇಳಿದರೆ ಆ ಪುಣ್ಯಾತ್ಮ ಅಣ್ಣನ ಎದುರು ಕೆಮ್ಮಲಿಕ್ಕೂ ಅಂಜುವವರು.

ಆಗ ನಿಜಾಮರ ಸರ್ಕಾರ. ಲಿಂಗಸುಗೂರಿನ ಒಬ್ಬ ಸಾಹೇಬರ ಬಂಗಲೆ ತೋಟಕ್ಕೆಂದು ಘಟ್ಟದ ಕೆಳಗಿನಿಂದ ಒಬ್ಬ ಮಾಲಿ ಬಂದಿದ್ದರು. ಆ ಸಾಹೇಬರಿಗೆ ವರ್ಗವಾಯಿತು. ಹೊಸಬರಿಗೆ ಹೂವಿಗಿಂತ ಕುದುರೆಯ ಖಯಾಲಿ ಜಾಸ್ತಿ, ಹಾಗಾಗಿ ತೋಟ ಹೋಗಿ ಲಾಯವಾಯಿತು, ಮಾಲಿ ಬೀದಿಗೆ ಬಂದರು. ನಮ್ಮ ಗೌಡರು ಅವರನ್ನು ಬಂಡಿ ಹತ್ತಿಸಿಕೊಂಡು ತಂದು ಚಾವಡಿಯಲ್ಲಿ ಕೂಡಿಸಿದರು. ಅವರ ಸೀಮೆಯಲ್ಲಿ ದೀವಿಹಲಸು ಎಂಬ ಮರವಂತೆ. ಒಮ್ಮೆ ಬೇರು ಹಿಡಿದರೆ ಮೊಮ್ಮಕ್ಕಳ ಕಾಲದವರೆಗೂ ಕಾಯಿ ಬಿಡುತ್ತದಂತೆ. ಒಂದು ಕಾಯಿ ಸುಟ್ಟು ತಿಂದರೆ ರೊಟ್ಟಿ ಉಂಡಷ್ಟೇ ಹೊಟ್ಟೆ ತುಂಬುತ್ತದಂತೆ. ಆ ವಿದ್ಯೆಯನ್ನು ಊರಿಗೆ ಕಲಿಸಲಿ ಎಂಬುದು ಗೌಡರ ಆಸೆ.

"ಪಗಾರ ಯಾರು ಕೊಡ್ತಾರ್ರೀ? ಹೈದರಾಬಾದಿನಿಂದ ಬರ್ತದೇನು?" ಎಂದು ಒಬ್ಬ ಹಿಂದಿನಿಂದ ಕೇಳಿದ.

"ಬಡಿಗಗ, ಕಂಬಾರಗ ಯಾರು ಕೊಡ್ತಾರಪಾ? ನಾವ ಅಲ್ಲೇನು? ಇವರಿಗೂ ಕಣದಾಗ ಆಯ ಹಾಕೋಣು. ಮನಿಗೊಂದು ಪುಟ್ಟಿ ಜೋಳ," ಎಂದರು ಗೌಡರು.

ವರ್ಷವೆಲ್ಲ ನಮ್ಮ ನೇಗಿಲು ಕೂರಿಗೆ ನೋಡಿಕೊಂಡವರಿಗೆ ರಾಶಿಯಾದ ಮೇಲೆ ಕೊಡುವ ಪಾಲೇ ಆಯ. ಆ ಲೆಕ್ಕದಲ್ಲಿ ಮಾಲಿ ನಮ್ಮೂರ ಆಯಗಾರರಾದರು, ಮಾಸ್ತರ್ ಎನಿಸಿಕೊಂಡರು. ಬೇರು ಊರಲು ನೀರಿನ ಆಸರೆ ಇರುವ ಜಾಗ ಬೇಕೆಂದರು. ನನ್ನ ಹೊಲ ಇರಲಿ ಎಂದು ಗಂಡನ ಬಾಯಿಂದ ಹೇಳಿಸಿದೆ. ಅದನ್ನು ಹೇಳುವಷ್ಟರಲ್ಲಿ ಅವರು ಬೆವತು ನೀರಾಗಿದ್ದರು.

ಭಾವ ಮೀಸೆಯಲ್ಲೇ ನಕ್ಕರು. "ಆಗಲಿ. ಕಾರಹುಣ್ಣಿವಿ ತನಕ ನೋಡ್ತೀನಿ. ಅಷ್ಟರಾಗ ಚಿಗುರಲಿಲ್ಲಂದ್ರ ಸಜ್ಜಿ ಬಿತ್ತತೀನಿ. ಆಮ್ಯಾಲ ಆ ಹೊಲದ ಸುದ್ದಿ ಆಕಿ ಬಾಯಾಗ ಬರಬಾರ್ದು."

ರಾಶಿ ಮುಗಿದು ಮನೆಮನೆಯ ಜೋಳ ಮಾಸ್ತರರಿಗೆ ಸಂದಿತು. ಶಿವರಾತ್ರಿ ಕಳೆದ ಮೇಲೆ ಅವರು ತಮ್ಮೂರಿಗೆ ಹೋಗಿ ಒದ್ದೆ ಗೋಣಿಯಲ್ಲಿ ಸುತ್ತಿದ ಬೇರಿನ ತುಂಡುಗಳನ್ನು ತಂದರು. ಈ ಮರಕ್ಕೆ ಬೀಜ ಹಾಕುವ ಮಾತಿಲ್ಲ, ಬೇರಿನ ತುಂಡೇ ಚಿಗುರಬೇಕು ಎಂದಾಗ ಮುದುಕರೆಲ್ಲ ಮೂಗಿನ ಮೇಲೆ ಬೆರಳಿಟ್ಟುಕೊಂಡರು. ನನ್ನ ಹೊಲದ ಬೇವಿನ ನೆರಳಲ್ಲಿ ಸಾಲಾಗಿ ಊರಿ, ಮಣ್ಣು ಹಸಿಯಿದ್ದರೆ ಸಾಕು ಎಂದು ಮಾಸ್ತರರು ಪಾಠ ಹೇಳಿದರು. ಎಲ್ಲರೂ ಹೂಂ ಅಂದರು.

ಹೂಂ ಅಂದವರು ಮರುದಿನ ಏನು ಮಾಡಿದರು ಅಂತೀರಿ? ನಮ್ಮದು ಬಿಸಿಲ ನಾಡು. ಮನೆಗೆ ಯಾರೇ ಬರಲಿ, ಮೊದಲು ಚೊಂಬು ನೀರು ಕೊಡಬೇಕು, ಆಮೇಲೆ ಮಾತು. ಅಷ್ಟು ದೂರದಿಂದ ಬಂದ ಗಿಡ, ಅದೂ ತಮ್ಮ ಜೋಳ ತಿಂದು ಬಂದದ್ದು, ಬಾಯಾರಿ ಕೂತರೆ ಊರಿನ ಮಾನ ಉಳಿದೀತೆ? ಮನೆಗೊಂದು ಕೊಡ ನೀರು ಬಂತು. ಸೋಮವಾರ ಬೇವಿನ ಬುಡಕ್ಕೆ ವಿಭೂತಿಯೂ ಬಿತ್ತು, ಕೊಡ ಎರಡಾದವು. ನಮ್ಮ ಎರೆಮಣ್ಣು ಕುಡಿದ ನೀರನ್ನು ಬಿಡುವ ಜಾತಿಯದಲ್ಲ. ಹೊಲದಲ್ಲಿ ಎಮ್ಮೆ ಹೊರಳಾಡುವಷ್ಟು ರಾಡಿಯಾಯಿತು.

"ಸಾಕು ಮಾರಾಯ್ರೇ, ಬೇರು ಕೊಳೀತದೆ," ಎಂದು ಮಾಸ್ತರರು ಕೈಮುಗಿದರು.

"ಆಯ ಕೊಟ್ಟೀವ್ರೀ ಮಾಸ್ತರ್ರ. ನಮ್ಮ ಪಾಲಿನ ನೀರು ನಾವು ಹಾಕ್ತೀವಿ," ಎಂದರು ಜನ. ಊರೆಲ್ಲ ಧಣಿಯಾದರೆ ಒಬ್ಬ ಆಯಗಾರ ಯಾರಿಗೆಂದು ಗದರಬೇಕು ಪಾಪ!

ಒಂದು ಬೆಳಿಗ್ಗೆ ನಾನೇ ಮಣ್ಣು ಕೆದಕಿ ನೋಡಿದೆ. ಬೇರು ಮೆತ್ತಗಾಗಿ ನಾರುತ್ತಿತ್ತು. ಆಮೇಲೆ ಬಂದ ಸಿಟ್ಟು ಎಂಥದೆಂದರೆ, ಜಾಲಿ ಮುಳ್ಳು ಎಳೆದು ತಂದು ದಾರಿಗೆ ಅಡ್ಡ ಹಾಕಿ, ಸೆರಗು ಸೊಂಟಕ್ಕೆ ಸಿಗಿಸಿ ನಿಂತುಬಿಟ್ಟೆ. "ಗಿಡಕ್ಕ ನೀರು ಹಾಕಾಕತ್ತೀರೋ, ಹೆಣಕ್ಕ ಜಳಕ ಮಾಡಸಾಕತ್ತೀರೋ? ಇನ್ನ ಯಾರರ ಕೊಡ ತಂದ್ರ ಒಡದು ಚೂರು ಮಾಡ್ತೀನಿ ನೋಡ್ರಿ!" ಎಂದು ಒದರಿದೆ. ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಕೊಡ ಹೊತ್ತು ನಿಂತವರು ನಮ್ಮ ಅತ್ತೆ. ಅವರು ಹಿಂದೆ ಹೊರಳಿದರು, ಸಾಲೂ ಹೊರಳಿತು.

ಬಾವಿ ತೋಡಿದಾಗಿನ, ನೀರು ನಿಲ್ಲದ ಗರಸು ಮಣ್ಣು ದಡದಲ್ಲಿ ಗುಡ್ಡೆಯಾಗಿ ಬಿದ್ದಿತ್ತು. ಕೊಳೆಯದೆ ಉಳಿದ ಒಂದೆರಡು ತುಂಡುಗಳನ್ನು ಅಲ್ಲಿಗೆ ಒಯ್ದು ಮಾಸ್ತರರು ನನ್ನ ಕೈಯಿಂದಲೇ ಊರಿಸಿದರು. ಯಾವಾಗ ನೀರು ಚಿಮುಕಿಸಬೇಕು, ಯಾವಾಗ ಸುಮ್ಮನಿರಬೇಕು, ಎಲ್ಲ ಹೇಳಿಕೊಟ್ಟರು. ಸುಮ್ಮನಿರುವ ಪಾಠವೇ ನನಗೆ ಕಠಿಣವಾಯಿತು.

ಕಾರಹುಣ್ಣಿಮೆಯ ಮರುದಿನ ಭಾವ ನೇಗಿಲು ಹೂಡಿಕೊಂಡು ಬಂದೇಬಿಟ್ಟರು. ಗುಡ್ಡೆಯಲ್ಲಿ ಊರಿದ ಬೇರಿನಿಂದ ಹೆಸರುಕಾಳಿನಷ್ಟು ಹಸಿರು ಮೊಳೆತಿತ್ತು. ಅವರು ಬಗ್ಗಿ ನೋಡಿ, "ಇದು ಕಸ," ಎಂದರು.

ಅಷ್ಟರಲ್ಲಿ ಸುದ್ದಿ ಹಬ್ಬಿ ಊರಿಗೆ ಊರೇ ನೆರೆಯಿತು. "ಏ, ನೇಗಿಲಾ ಹೊಡೀಬ್ಯಾಡ! ನಮ್ಮ ಜೋಳ ಐತಿ ಅದರಾಗ!" "ನಮ್ಮ ಮನೀದೂ ಐತಿ!" ಎಂದು ಎತ್ತಿನ ಮುಂದೆ ನಿಂತರು. ನೀರು ಹಾಕಿ ಗಿಡ ಕೊಲ್ಲಲು ಹೊರಟಿದ್ದವರೇ ಈಗ ಅದರ ಕಾವಲಿಗೆ ಬಂದಿದ್ದರು.

ಭಾವನಿಗೆ ರೇಗಿತು. "ಹಂಗಾರ ಇದು ಊರ ಹೊಲ ಆತೇನು?"

"ಹೌದ್ಹೌದು, ಊರಿಂದ," ಎಂದರು ನಾಲ್ಕು ಜನ.

ಅಯ್ಯೋ ಶಿವನೇ, ಹುಲಿ ಬಾಯಿಂದ ತಪ್ಪಿಸಿಕೊಂಡು ಊರಬಾಯಿಗೆ ಬಿದ್ದೆನಲ್ಲ! ಭಾವನ ಮುಖ ನೋಡಿ ಮಾತಾಡುವ ರೂಢಿ ನಮ್ಮಲ್ಲಿಲ್ಲ. ಎತ್ತಿನ ಕೊಂಬು ಹಿಡಿದು ಎತ್ತಿಗೇ ಹೇಳಿದೆ: "ಬಸವಣ್ಣಾ, ನಿನ್ನ ಧಣಿಗೆ ಹೇಳು, ಊರ ಮಂದಿಗೂ ಹೇಳು. ಗಿಡ ಊರಿಂದು. ನೆಲ ನಂದು. ನಮ್ಮಪ್ಪ ಕೊಟ್ಟಾನ."

ಗುಂಪಿನಲ್ಲಿದ್ದ ಗೌಡರು, "ಖರೇನ ಹೇಳ್ಯಾಳ," ಎಂದು, ಮಾಸ್ತರರ ಆಯ ಮುಂದಿನ ರಾಶಿಗೂ ನಡೆಯಲಿ ಎಂದು ಸೇರಿಸಿದರು. ಜನ ಚದುರಿದರು. ಭಾವ ಮಾತ್ರ ನೇಗಿಲ ಮೇಣಿ ಹಿಡಿದು ಅಲ್ಲೇ ನಿಂತಿದ್ದರು. ಆಚೆಗಿನ ತಮ್ಮ ಹೊಲಕ್ಕೆ ಹೋಗಲು ಅವರಿಗೆ ಇದ್ದದ್ದು ಇದೊಂದೇ ದಾರಿ.

"ತಂಗೀ," ಎಂದರು ನೆಲ ನೋಡುತ್ತ, "ನಿನ್ನ ಹೊಲದಾಗ ಹಾದು ಹೋಗಲೇನವಾ?"

ನನಗೆ ಅಳು ಉಕ್ಕಿ ಬಂತು. "ಹೋಗ್ರಿ ಭಾವ," ಎಂದೆ.