ಟಾರು ಬಿಡದ ಡ್ರೈವರುಗಳು

ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೊರಟಿದ್ದ ನಮ್ಮ ಬಸ್ಸಿಗೆ ಎದುರಿನಿಂದ ಇನ್ನೊಂದು ಬಸ್ಸು ಬಂತು. ಟಾರು ಇರುವುದೇ ಒಂದು ಬಸ್ಸಿನಗಲ. ಯಾರಾದರೊಬ್ಬರು ಮಣ್ಣಿಗೆ ಇಳಿಸಬೇಕು. ಇಬ್ಬರೂ ಇಳಿಸದೆ, ಮೂತಿಗೆ ಮೂತಿ ಕೊಟ್ಟು ಎಂಜಿನ್ ಆಫ್ ಮಾಡಿದರು.

"ನೀ ಇಳಸಲೇ!"

"ನಿಮ್ಮಪ್ಪ ಹಾಕ್ಸಿದ ರೋಡೇನಲೇ?"

ಇಂಥ ಜಗಳ ಬಿಡಿಸುವುದರಲ್ಲಿ ಈ ಐದು ತಾಲ್ಲೂಕಿಗೆ ನಾನೊಬ್ಬನೇ. ಮೀಸೆ ತಿರುವುತ್ತ ಇಳಿದೆ. ಎದುರು ಬಸ್ಸಿನ ಕಿಟಕಿಯಲ್ಲಿ ನಮ್ಮಕ್ಕ! ಇಟ್ಟಿಗಿ ಊರಿಗೆ ಕೊಟ್ಟ ಮೇಲೆ ಮದುವೆಗೋ ಮಣ್ಣಿಗೋ ಬಂದರಷ್ಟೇ ಸಿಗುವವಳು.

"ಎಷ್ಟ್ ಸೊರಗಿಯಲೋ ತಮ್ಮಾ!" ಎಂದು ಸರಳುಗಳ ನಡುವೆ ಕೈ ಚಾಚಿ ನನ್ನ ಗಲ್ಲ ಸವರಿದಳು.

ಅಷ್ಟರಲ್ಲಿ ಅವಳ ಬಸ್ಸಿನ ಡ್ರೈವರು ಬೇಸತ್ತು ಎಂಜಿನ್ ಚಾಲೂ ಮಾಡಿದ. ನಾನು ಓಡಿಹೋಗಿ, "ನೀವು ಸೋತ್ರಿ ಅಂತ ನಮ್ಮ ಡ್ರೈವರ್ ನಗಾಕತ್ಯಾನ್ರಿ," ಎಂದು ಕಿವಿ ಊದಿದೆ. ಎಂಜಿನ್ ಮತ್ತೆ ಆಫ್.

"ಮುದುಕ ಆದ್ರೂ ನಿನ್ನ ಬುದ್ಧಿ ಬಿಟ್ಟಿಲ್ಲ ನೋಡು," ಎಂದು ಬೈಯುತ್ತಲೇ ಅಕ್ಕ ಬುತ್ತಿ ಬಿಚ್ಚಿ ರೊಟ್ಟಿ ಮುರಿದುಕೊಟ್ಟಳು. ಬೈಯುವಾಗ ಥೇಟ್ ನಮ್ಮವ್ವ.

ರೊಟ್ಟಿ ಇನ್ನೂ ಬಾಯಲ್ಲಿತ್ತು. ನಮ್ಮ ಬಸ್ಸಿನ ಜನ ಬೈದು ಬೈದು ನಮ್ಮ ಡ್ರೈವರನ ಕೈಲಿ ಎಂಜಿನ್ ಚಾಲೂ ಮಾಡಿಸಿದರು. ಅಕ್ಕ ಅತ್ತಿತ್ತ ನೋಡಿ, ಮೆಲ್ಲಗೆ ಅಂದಳು:

"ಓಡಲೇ, ಅವಂಗೂ ಏನರ ಊದಿ ಬಾ."

ಓಡಿದೆ. ಅಷ್ಟರಲ್ಲಿ ನಮ್ಮ ಬಸ್ಸಿನ ಚಕ್ರ ಮಣ್ಣಿಗೆ ಇಳಿದಾಗಿತ್ತು.