ಅಂಗಡಿ ಅರಿಷಿಣದ ಆಣೆ

ತಪ್ಪು ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಕಡೆಯವರೆಗೂ ಬೇರೆಯವರನ್ನೇ ಬೈಯುತ್ತ ಕೂರುತ್ತೀರಿ. ನಮ್ಮ ಪೇಟೆಯ ಅಂಗಡಿಕಾರರೆಲ್ಲ ಒಂದು ಸಂಜೆ ಸೇರಿ, ಯಾರೂ ಈ ಪೇಟೆ ಬಿಟ್ಟು ಹೋಗುವುದಿಲ್ಲ ಎಂದು ಭಂಡಾರ ಮುಟ್ಟಿ ಆಣೆ ಮಾಡಿದರು. ಆ ಭಂಡಾರ ಎಲ್ಲಮ್ಮನ ಗುಡ್ಡದ್ದಾಗಿರಲಿಲ್ಲ. ಆಣೆ ಮಾಡಿದ ಜಾಗದಿಂದ ಕೂಗಿದರೆ ಕೇಳಿಸುವಷ್ಟು ದೂರದ ಕಟ್ಟೆಯ ಮೇಲೆ ಕೂತು ಮಾರುವ ಹೆಂಗಸಿನ ಬುಟ್ಟಿಯ ಅರಿಷಿಣ ಅದು. ಕೊಂಡವನು ನಾನು. ಹಳದಿ ಬಟ್ಟೆಯಲ್ಲಿ ಗಂಟು ಕಟ್ಟಿದವನು ನಾನು. ಗುಡ್ಡದಿಂದ ಈಗಷ್ಟೇ ಇಳಿದು ಬಂದವನ ಹಾಗೆ ಏದುಸಿರು ಬಿಟ್ಟವನೂ ನಾನೇ. ಆ ಏದುಸಿರು ಮಾತ್ರ ಬಹಳ ಚೆನ್ನಾಗಿ ಬಂದಿತ್ತು.

ಭಂಡಾರವೆಂದರೆ ದೇವಿಯ ಪಾದಕ್ಕೆ ಮುಟ್ಟಿಸಿ ತಂದ ಅರಿಷಿಣ. ನಮ್ಮ ಕಡೆ ಗಂಡ ಕುಡಿತ ಬಿಡುವಾಗಲೂ, ಅಣ್ಣತಮ್ಮಂದಿರು ಹೊಲ ಹಂಚಿಕೊಳ್ಳುವಾಗಲೂ ಅದನ್ನೇ ಮುಟ್ಟುತ್ತಾರೆ. ಮುಟ್ಟಿದ ಮೇಲೆ ಮಾತು ತಪ್ಪಬೇಕಾದರೆ ಎದೆ ಗಟ್ಟಿಯಿರಬೇಕು. ಅಥವಾ ನನ್ನಂಥವನೊಬ್ಬ ಸ್ನೇಹಿತನಿರಬೇಕು.

ನಾನು ಬೈಲಹೊಂಗಲದ ಹಳೇ ಪೇಟೆಯಲ್ಲಿ ಒಂದು ಜವಳಿ ಅಂಗಡಿಯ ಮೆಟ್ಟಿಲ ಕೆಳಗೆ ಮೊಬೈಲ್ ರಿಪೇರಿ ಮಾಡುತ್ತಿದ್ದೆ. ಅದು ಹೊಟ್ಟೆಪಾಡು. ಚಟವೆಂದರೆ ಮಂದಿಯ ದನಿ ಕದಿಯುವುದು. ರಾಮದುರ್ಗದ ಬಸ್ಸಿನ ಕಂಡಕ್ಟರ್, ಮೂಗಿನಿಂದ ಮಾತಾಡುವ ದಲಾಲಿ, ನಮ್ಮ ಬೀದಿಯಲ್ಲಿ ಸಾಲ ಕೇಳುವ ಮೊದಲು ಕೆಮ್ಮುವ ಮಾಸ್ತರು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದರು. ನನ್ನ ಸ್ವಂತ ದನಿ ಯಾವುದು ಎಂಬ ಬಗ್ಗೆ ನಮ್ಮವ್ವನಿಗೂ ಅನುಮಾನವಿತ್ತು. "ಹಸಿವಾದಾಗ ಮಾತಾಡ್ತಿಯಲ್ಲ, ಅದೊಂದ ನಿಂದು" ಎನ್ನುತ್ತಿದ್ದಳು.

ಎಲ್ಲಕ್ಕಿಂತ ಚೆನ್ನಾಗಿ ನನಗೆ ಬರುತ್ತಿದ್ದದ್ದು ಜವಳಿ ಅಂಗಡಿಯ ಸಾವಕಾರನ ದನಿ. ಮೆಟ್ಟಿಲ ಕೆಳಗಿನ ಜಾಗ ಕೊಟ್ಟವನು ಅವನೇ. "ಕುಂದರೋ ಮಂಗ್ಯಾ. ಸೀರಿ ಆರಸ್ಲಿಕ್ಕೆ ಹೆಣ್ಮಕ್ಳು ತಾಸಗಟ್ಟಲೆ ತಗೋತಾರ, ಅಲ್ಲೀತನಕಾ ಗಂಡಸರನ್ನ ನಗಿಸು" ಎಂದಿದ್ದ. ಕಿತ್ತೂರು, ನೇಸರಗಿ, ಚಚಡಿಗಳಿಂದ ಮದುವೆ ಜವಳಿಗೆ ಬರುವವರು ಅವನ ಗಾದಿಯ ಮೇಲೆಯೇ ಕೂರಬೇಕು. ಚೀಲಗಳು ತುಂಬಿ ಅವರು ಏಳುವಾಗ ಸಾವಕಾರ ತಪ್ಪದೆ ಒಂದು ಮಾತು ಹೇಳುತ್ತಿದ್ದ: "ಇಳದ ಕೂಡ್ಲೆ ಅತ್ತಿ ಕಡೆ ಅರಿಷಿಣ ತಗೊಂಡ ಮುಂದ ಹೋಗ್ರಿ. ಆಮ್ಯಾಲೆ ಹಳದಿ ಹತ್ತಲಿಲ್ಲಂತ ನನ್ನ ಸೀರಿಗೆ ಬೈಬ್ಯಾಡ್ರಿ."

ಅತ್ತಿ ಎಂದರೆ ಮೆಟ್ಟಿಲೆದುರಿನ ಕಲ್ಲುಕಟ್ಟೆಯ ಮೇಲೆ ಅರಿಷಿಣ, ಖಾರಪುಡಿ ಇಟ್ಟುಕೊಂಡು ಕೂರುವವಳು. ಯಾರಿಗೆ ಅತ್ತೆಯೋ ಗೊತ್ತಿಲ್ಲ, ಪೇಟೆಗೆಲ್ಲ ಅತ್ತಿ. ಜವಳಿಗೆ ಬಂದವರು ಇಳಿದು ಮೊದಲು ಅವಳ ಹತ್ತಿರ ಅರಿಷಿಣ ಕೊಂಡು, ಪಕ್ಕದವಳ ಹತ್ತಿರ ಬಳೆ ಇಡಿಸಿಕೊಂಡು, ಆಚೆಯವಳಿಂದ ಬಾಸಿಂಗ ಕೊಳ್ಳುತ್ತಿದ್ದರು. ಇಡೀ ಕಟ್ಟೆ ಆ ಮೆಟ್ಟಿಲಿನಿಂದ ಉಣ್ಣುತ್ತಿತ್ತು. ಮೆಟ್ಟಿಲು ಹೋದರೆ ಕಟ್ಟೆಯೂ ಹೋದಂತೆ. ಇದನ್ನು ತಿಳಿಯಲು ಅರ್ಥಶಾಸ್ತ್ರ ಬೇಕಿಲ್ಲ, ಒಂದು ಮದುವೆ ಸೀಜನ್ ಅಲ್ಲಿ ಕೂತರೆ ಸಾಕು.

ಊರ ಹೊರಗೆ ಹೊಸ ಮಾರುಕಟ್ಟೆ ಸಂಕೀರ್ಣ ಎದ್ದ ಮೇಲೆ ವಾದ ಶುರುವಾಯಿತು. ಪೇಟೆಯ ಅಂಗಡಿಗಳು ಅಲ್ಲಿಗೆ ಹೋಗಬೇಕೋ ಬೇಡವೋ ಎಂದು ಪುರಸಭೆಯ ಅಧಿಕಾರಿ ಸಾರ್ವಜನಿಕ ಸಭೆ ಕರೆದರು. ಸುಳ್ಳೇಕೆ ಹೇಳಲಿ, ಹೋಗಬೇಕೆನ್ನುವವರ ಮಾತಿನಲ್ಲೂ ಹುರುಳಿತ್ತು. ಕಬ್ಬಿನ ಟ್ರ್ಯಾಕ್ಟರು ಪೇಟೆಗೆ ನುಗ್ಗಿದರೆ ಆಂಬುಲೆನ್ಸು ಅಲ್ಲಾಡುವಂತಿಲ್ಲ. ಕಾಲೇಜು ಹುಡುಗಿಯೊಬ್ಬಳು ಎದ್ದು, "ಇಡೀ ಪ್ಯಾಟಿಯೊಳಗ ಹೆಂಗಸರಿಗೆ ಒಂದ ಶೌಚಾಲಯ ಇಲ್ಲ, ಅಲ್ಲಿ ಐತಿ" ಎಂದಳು. ನಾವೆಲ್ಲ ಹೋ ಎಂದು ಕೂಗಿ ಕೂರಿಸಲು ನೋಡಿದೆವು. ಅತ್ತಿ ನಮ್ಮ ಮೇಲೇ ರೇಗಿದಳು. "ಏ, ಸುಮ್ಕಿರ್ರೋ. ಆ ಹುಡುಗಿ ಹೇಳೂದು ಖರೇ ಐತಿ. ಮುಂಜಾನೆ ಬಂದು ಕುಂತ್ರ ಸಂಜೀತನಕಾ ನೀರು ಕುಡೀಲಾರದ ಕುಂದರ್ತೇವಿ ನಾವು. ನಿಮಗೇನ, ಗ್ವಾಡಿ ಸಿಕ್ರ ಸಾಕು." ಆಮೇಲೆ ಅಧಿಕಾರಿಯ ಕಡೆ ತಿರುಗಿದಳು. "ಸಾಹೇಬ್ರ, ಆ ಸಂಡಾಸ ಇಲ್ಲೇ ಕಟ್ಟಸ್ರಿ. ಹೋಗಲಿ, ನಾವೂ ಅಲ್ಲಿಗೇ ಬರ್ತೇವಂದ್ರ ಕಟ್ಟಿ ಮ್ಯಾಲಿನವರಿಗೆ ಅಲ್ಲಿ ಜಾಗಾ ಎಲ್ಲಿ?"

ಅಲ್ಲಿ ಇದ್ದದ್ದು ಷಟರ್ ಇರುವ ಮಳಿಗೆಗಳು ಮಾತ್ರ. "ಮುಂದಿನ ಹಂತದಲ್ಲಿ ಪರಿಗಣಿಸಲಾಗುವುದು" ಎಂದರು ಸಾಹೇಬರು. ಆ ವಾಕ್ಯ ಅಂದೇ ನನ್ನ ಆಸ್ತಿಯಾಯಿತು, ರಾತ್ರಿಯೇ ಅವರ ದನಿಯಲ್ಲಿ ವಿಡಿಯೊ ಮಾಡಿ ಊರೂರ ಮೊಬೈಲಿಗೆ ಬಿಟ್ಟೆ. ಚಹಾ ಕೇಳಿದವರಿಗೂ ಅದೇ ದನಿಯಲ್ಲಿ ಅದನ್ನೇ ಹೇಳುತ್ತಿದ್ದೆ.

ಸಭೆಯಲ್ಲಿ ಆಗ ಸಾವಕಾರ ಎದ್ದು ನಿಂತ. ಶಾಲು ಹೆಗಲಿಗೇರಿಸಿ, "ನಾ ಹ್ವಾದ್ರ ಈ ಕಟ್ಟಿ ಉಪಾಸ ಬೀಳ್ತೈತಿ. ನಾ ಹೋಗಾಂಗಿಲ್ಲ. ಯಾರೂ ಹೋಗಬಾರ್ದು. ಗುಡ್ಡದ ಭಂಡಾರ ತರಿಸೂಣು, ಮುಟ್ಟಿ ಆಣಿ ಮಾಡೂಣು" ಎಂದ. ಚಪ್ಪಾಳೆಯೋ ಚಪ್ಪಾಳೆ. ಕೈ ಉರಿಯುವಷ್ಟು ತಟ್ಟಿದವರಲ್ಲಿ ನಾನೂ ಒಬ್ಬ. ಆ ಗಳಿಗೆಯಲ್ಲಿ ಅವನು ಏನು ಹೇಳಿದ್ದರೂ ಮಾಡುತ್ತಿದ್ದೆ. ಅವನು ಹೇಳಿದ್ದು, "ಮಂಗ್ಯಾ, ಗಾಡಿ ತಗಿ. ನಾಳೆ ಗುಡ್ಡಕ್ಕ ಹೋಗಿ ಭಂಡಾರ ತಂದ ಬಿಡು. ಸಂಜೀಕ ಪ್ಯಾಟಿ ಗುಡಿಯೊಳಗ ಎಲ್ಲಾರೂ ಕೂಡತೇವಿ."

ಹೋದೆ. ಸವದತ್ತಿ ದಾಟಿ ಉಗರಗೋಳದ ಕಡೆ ಹೊರಳಿದರೆ ಗುಡ್ಡ. ಆದರೆ ಸವದತ್ತಿ ಬರುವ ಮೊದಲೇ ಒಂದು ಚಹಾದಂಗಡಿ ಬಂತು, ಅಲ್ಲಿ ನನ್ನ ವಿಡಿಯೊ ನೋಡಿದ್ದ ಹುಡುಗರಿದ್ದರು. "ಏ, ಪರಿಗಣಿಸಲಾಗುವುದು ಬಂದಾನ ನೋಡ್ರಲೇ!" ಎಂದರು. ಒಂದು ಮಾಡಿ ತೋರಿಸಿ ಹೊರಡೋಣವೆಂದು ಗಾಡಿ ನಿಲ್ಲಿಸಿದೆ. ಸಾಹೇಬರನ್ನು ಮಾಡಿದೆ. ಕಂಡಕ್ಟರನನ್ನು ಮಾಡಿದೆ. ಸಾವಕಾರನನ್ನು ಮಾಡುವ ಹೊತ್ತಿಗೆ ಜನ ಬೆಂಚಿನ ಮೇಲೆ ಹತ್ತಿ ನಿಂತಿದ್ದರು. ಹೊಗಳಿಕೆ ಎಂಬುದು ನನ್ನ ಮಟ್ಟಿಗೆ ಬಿಸಿ ಗಿರ್ಮಿಟ್ಟು. ತಟ್ಟೆ ಖಾಲಿಯಾಗದೆ ಏಳಲಾರೆ. ಎದ್ದಾಗ ಹೊತ್ತು ಇಳಿದಿತ್ತು. ಗುಡ್ಡ ಹತ್ತಿ ಇಳಿದರೆ ಸಭೆ ಮುಗಿದಿರುತ್ತಿತ್ತು. ಗಾಡಿ ತಿರುಗಿಸಿ ನೇರ ಕಟ್ಟೆಗೆ ಬಂದೆ.

"ಅತ್ತಿ, ಒಂದೀಟ ಅರಿಷಿಣ ಕೊಡ್ರಿ. ಅವ್ವಗ ಬೇಕಂತ."

"ಮೊನ್ನೆರ ಒಯ್ದಾಳಲ್ಲೋ ನಿಮ್ಮವ್ವ?"

"ಚೆಲ್ಲೇತ್ರಿ."

"ಚೆಲ್ಲೇತೋ, ನೀ ಚೆಲ್ಲೀಯೋ?" ಎಂದು ಗೊಣಗುತ್ತ ಕಟ್ಟಿಕೊಟ್ಟಳು.

ಗುಡಿಯಲ್ಲಿ ತಟ್ಟೆ ಇಟ್ಟು ಗಂಟು ಬಿಚ್ಚಿದೆ. ಮೊದಲು ಸಾವಕಾರನೇ ಬಲಗೈಯನ್ನು ಮಣಿಕಟ್ಟಿನವರೆಗೆ ಅದ್ದಿ ಎತ್ತಿದ. "ಈ ಪ್ಯಾಟಿ ಬಿಟ್ಟು ಹ್ವಾದ್ರ ನನ್ನ ಕೈ ಸೇದಿ ಬಿದ್ದ ಹೋಗ್ಲಿ" ಎಂದ. ಪಾತ್ರೆಯಂಗಡಿಯವನು, ಸ್ಟೇಷನರಿಯವನು, ಚಪ್ಪಲಿಯವನು, ಎಲ್ಲರೂ ಒಬ್ಬೊಬ್ಬರಾಗಿ ಬಂದು ಮುಟ್ಟಿದರು. ಕಟ್ಟೆಯವರು ಕಡೆಗೆ ಬಂದರು. ಅತ್ತಿ ಒಂದು ಚಿಟಿಕೆ ತೆಗೆದು ಬೆರಳಲ್ಲಿ ತಿಕ್ಕಿದಳು. ನನ್ನ ಮುಖ ನೋಡಿದಳು.

"ಗುಡ್ಡದಾಗ ಗದ್ಲ ಇತ್ತೇನೋ?"

"ಭಾಳ ಇತ್ರಿ."

"ಹೂಂ" ಎಂದು ಕೈ ಅದ್ದಿ, ಹಣೆಗೆ ಹಚ್ಚಿಕೊಂಡು, ಎಲ್ಲರ ಹಾಗೆಯೇ ಮಾತು ಕೊಟ್ಟು ಹೋದಳು.

ಇಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ನಾನು ನಾನೇ ಅಲ್ಲ. ಮಳೆ ಹಿಡಿದು ಗಿರಾಕಿ ಇಲ್ಲದ ಒಂದು ಮಧ್ಯಾಹ್ನ, ಸಾವಕಾರನ ಗಾದಿಯ ಅಂಚಿನಲ್ಲಿ ಕೂತು ಎಲ್ಲವನ್ನೂ ಹೇಳಿಬಿಟ್ಟೆ. ಹೇಳಿದ್ದೇನು, ಆಡಿ ತೋರಿಸಿದೆ. ಚಹಾದಂಗಡಿಯ ಹುಡುಗರು, ಅತ್ತಿಯ ಗೊಣಗಾಟ, ನನ್ನ ಏದುಸಿರು, ಎಲ್ಲ. ಸಾವಕಾರ ಹೊಟ್ಟೆ ಹಿಡಿದುಕೊಂಡು ನಕ್ಕ. ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡ. "ಆ ಗದ್ಲ ಇತ್ತೇನೋ ಅಂದದ್ದು ಇನ್ನೊಮ್ಮೆ ಮಾಡಲೇ" ಎಂದ. ಮಾಡಿದೆ. ಆಮೇಲೆ ನಗು ನಿಲ್ಲಿಸಿ ಕೇಳಿದ: "ಅಂದ್ರ ನೀ ಗುಡ್ಡಕ್ಕ ಹೋಗೇ ಇಲ್ಲ. ಪಕ್ಕಾ?"

"ಪಕ್ಕಾ ರೀ."

"ಯಾರ ಮುಂದೂ ಅನಬ್ಯಾಡ ಮತ್ತ. ನನ್ನ ಹೊಟ್ಟ್ಯಾಗ ಇರ್ಲಿ."

ದನಿಗಳನ್ನೇ ಓದಿದವನು ನಾನು. "ಪಕ್ಕಾ?" ಎಂದ ದನಿ ನಗುವವನ ದನಿಯಲ್ಲ, ಬಟ್ಟೆ ಬೆಲೆ ಕಟ್ಟುವವನ ದನಿ ಎಂದು ಆಗಲೇ ತಿಳಿಯಬೇಕಿತ್ತು. ತಿಳಿಯಲಿಲ್ಲ. ಸಾವಕಾರನ ಹೊಟ್ಟೆಯಲ್ಲಿ ನನ್ನದೊಂದು ಗುಟ್ಟು ಇದೆ ಎಂದು ಹೆಮ್ಮೆಯಿಂದ ಮೆಟ್ಟಿಲಿಳಿದೆ. ಅಪ್ಪನ ಹತ್ತಿರವೂ ನಾನು ಅಷ್ಟು ಸಲಿಗೆಯಿಂದ ಕೂತವನಲ್ಲ.

ಕೆಲವು ವಾರಗಳಾದ ಮೇಲೆ ಪಾತ್ರೆಯಂಗಡಿಯ ಷಟರ್ ಎಳೆದಿತ್ತು. ಹೊಸ ಸಂಕೀರ್ಣದಲ್ಲಿ ಅದೇ ಬೋರ್ಡು. ಆಮೇಲೆ ಸ್ಟೇಷನರಿ, ಆಮೇಲೆ ಚಪ್ಪಲಿ. ಹೋಗುವವರೆಲ್ಲ ನನ್ನನ್ನು ನೋಡಿ ಒಂದು ಥರ ನಗುತ್ತಿದ್ದರು. "ಏನಪಾ ಗುಡ್ಡದ ಪೂಜಾರಿ, ಆರಾಮ?" ಎನ್ನುತ್ತಿದ್ದರು. ಗುಡ್ಡಕ್ಕೆ ಕಳಿಸಿದ್ದನ್ನು ನೆನೆದು ಗೌರವ ಕೊಡುತ್ತಿದ್ದಾರೆಂದು ತಿಳಿದು ನಾನೂ ಕೈಯೆತ್ತಿ ಆಶೀರ್ವಾದ ಮಾಡಿದೆ. ನನ್ನಂಥ ಜಾಣನಿಗೆ ಮೋಸ ಮಾಡುವುದು ಕಷ್ಟವೇನಲ್ಲ. ಒಂದು ಬಿರುದು ಕೊಟ್ಟರೆ ಸಾಕು.

ಕಟ್ಟೆಯವರು ಮಾತ್ರ ದಿನವೂ ಮೆಟ್ಟಿಲು ನೋಡುತ್ತಿದ್ದರು. "ಯಾರ ಹ್ವಾದ್ರೂ ಸಾವಕಾರ ಹೋಗಾಂಗಿಲ್ರಿ" ಎಂದು ಅವರಿಗೆ ಧೈರ್ಯ ಹೇಳುತ್ತಿದ್ದವನು ನಾನು, ಅದೂ ಸಾವಕಾರನದೇ ದನಿಯಲ್ಲಿ.

ಒಂದು ಮುಂಜಾನೆ ಮೆಟ್ಟಿಲ ಮುಂದೆ ಟೆಂಪೊ ನಿಂತಿತ್ತು. ಸೀರೆಯ ಗಂಟುಗಳು ಮೆಟ್ಟಿಲಿಳಿದು ಟೆಂಪೊ ಏರುತ್ತಿದ್ದವು. ಅಂಗಡಿಯಿಂದ ಒಂದು ಹೊಸ ಬೋರ್ಡೂ ಹೊರಬಂತು. ಹೂಬಳ್ಳಿ ಬಿಡಿಸಿ, ಕೆಳಗೆ ಹೊಸ ಮಳಿಗೆಯ ವಿಳಾಸ ಬರೆದು, ವಾರ್ನಿಷ್ ಒಣಗಿಸಿದ ಬೋರ್ಡು. ಒಂದು ರಾತ್ರಿಯಲ್ಲಿ ಬರೆಯುವಂಥದ್ದಲ್ಲ. ಬಹುಶಃ ನಾನು ಅವನೆದುರು ಕೂತು ನಗಿಸುತ್ತಿದ್ದಾಗಲೇ ಅದು ಎಲ್ಲೋ ಒಣಗುತ್ತಿತ್ತು.

ಕಟ್ಟೆಯವರು ಸುತ್ತ ನೆರೆದರು. ಬಳೆಯವಳು ಕೇಳಿಯೇ ಬಿಟ್ಟಳು: "ಸಾವಕಾರ್ರ, ಆಣಿ ಮಾಡಿದ್ರಲ್ರಿ?"

"ಯಾವ ಆಣೀವಾ?" ಎಂದ ಅವನು, ನಗುನಗುತ್ತ. "ಅದು ಭಂಡಾರ ಇದ್ರ ಆಣಿ. ಅಂಗಡಿ ಅರಿಷಿಣಕ್ಕ ಎಂಥಾ ಆಣಿ? ಬಾರೋ ಮಂಗ್ಯಾ, ಹೇಳು. ಬ್ಯಾಡ, ನಾನ ಹೇಳ್ತೇನಿ."

ಆಮೇಲೆ ಅವನು ಮಾಡಿದ್ದನ್ನು ನಾನು ಮರೆಯಲಾರೆ. ಅವನು ನನ್ನನ್ನು ಮಾಡಿದ. ನನ್ನ ಹಾಗೆ ಭುಜ ಕುಣಿಸಿ, ನನ್ನ ಹಾಗೆ ಕಣ್ಣು ಅರಳಿಸಿ, "ಅವ್ವಗ ಬೇಕಂತ್ರಿ, ಚೆಲ್ಲೇತ್ರಿ" ಎಂದ. ಏದುಸಿರು ಬಿಟ್ಟ. ಆ ಏದುಸಿರು ಸುಳ್ಳು. ನಾನು ಬಾಯಿಂದ ಬಿಟ್ಟಿದ್ದೆ, ಅವನು ಮೂಗಿನಿಂದ ಬಿಟ್ಟ. ಆದರೂ ಟೆಂಪೊದವರು, ದಾರಿಹೋಕರು ಬಿದ್ದು ಬಿದ್ದು ನಕ್ಕರು. ಊರನ್ನೆಲ್ಲ ಆಡಿಕೊಂಡವನಿಗೆ ತನ್ನನ್ನು ಆಡಿಕೊಂಡಾಗ ಎಲ್ಲಿ ನಿಲ್ಲಬೇಕೆಂದು ಗೊತ್ತಾಗಲಿಲ್ಲ. ಪಾತ್ರೆಯವನ, ಚಪ್ಪಲಿಯವನ ನಗುವಿನ ಅರ್ಥ ಆಗ ಹೊಳೆಯಿತು. ನನ್ನ ನಗೆಹನಿಯನ್ನು ಅವನು ಒಬ್ಬೊಬ್ಬರ ಕಿವಿಗೂ ಹಂಚಿ, ಒಬ್ಬೊಬ್ಬರ ಆಣೆಯನ್ನೂ ಬಿಚ್ಚಿಕೊಟ್ಟಿದ್ದ.

"ತಪ್ಪು ಬಂದ್ರ ಇವಗ ಬರ್ತೈತಿ, ನಮಗಲ್ಲ" ಎಂದು ನನ್ನ ಬೆನ್ನು ತಟ್ಟಿದ. ಪ್ರೀತಿಯಿಂದಲೇ ತಟ್ಟಿದ. ಅದೇ ಸಹಿಸಲಾಗದ್ದು.

ಈಗ ಹೊಸ ಅಂಗಡಿಗೆ ಗಾಜಿನ ಬಾಗಿಲು. ಗಾದಿ ಹೋಗಿ ಕುರ್ಚಿಗಳು ಬಂದಿವೆ. ಶೌಚಾಲಯವೂ ಚೊಕ್ಕವಾಗಿದೆ, ಒಮ್ಮೆ ನೋಡಿ ಬಂದಿದ್ದೇನೆ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ, ಜವಳಿಯವರು ಏಳುವಾಗ ಕಣ್ಣಿಗೆ ಬೀಳುವ ಹಾಗೆ, ಪ್ಲಾಸ್ಟಿಕ್ ಪಾಕೀಟಿನಲ್ಲಿ ಅರಿಷಿಣ ಜೋಡಿಸಿಟ್ಟಿದ್ದಾನೆ. ಅದನ್ನು ನೋಡಿದ ಮೇಲೆ ಅವನ ದನಿ ನನ್ನ ಗಂಟಲಿಗೆ ಬರುವುದಿಲ್ಲ. ಬಾಸಿಂಗದವಳು ಮಗಳ ಊರಿಗೆ ಹೋದಳು. ಅತ್ತಿ ಕಟ್ಟೆಯ ಮೇಲೇ ಇದ್ದಾಳೆ, ಬುಟ್ಟಿ ಚಿಕ್ಕದಾಗಿದೆ. ಮೆಟ್ಟಿಲಿಗೆ ಬೀಗ ಬಿದ್ದಿದ್ದರಿಂದ ನಾನೂ ಅವಳ ಪಕ್ಕದಲ್ಲಿ ಕೊಡೆ ಕಟ್ಟಿಕೊಂಡು ಕೂತಿದ್ದೇನೆ. ಪೇಟೆ ಬಿಡುವವರು ಈಗಲೂ ಬಿಡುತ್ತಾರೆ. ರಸ್ತೆ ಸಣ್ಣದು ಎನ್ನುತ್ತಾರೆ, ಗಾಡಿ ನಿಲ್ಲಿಸಲು ಜಾಗವಿಲ್ಲ ಎನ್ನುತ್ತಾರೆ. ಅರಿಷಿಣದ ನೆಪವನ್ನು ಮಾತ್ರ ಆ ಮುಂಜಾನೆಯ ನಂತರ ಯಾರೂ ಎತ್ತಿಲ್ಲ.

ಏಕೆಂದರೆ ಟೆಂಪೊ ಹೊರಡುವ ಮೊದಲು, ಎಲ್ಲರೂ ಇನ್ನೂ ನಗುತ್ತಿದ್ದಾಗ, ಅತ್ತಿ ಕಟ್ಟೆಯಿಂದ ಇಳಿದು ಬಂದಿದ್ದಳು. ನನಗೆ ಬೈಯುತ್ತಾಳೆಂದು ತಲೆ ತಗ್ಗಿಸಿ ನಿಂತೆ. ಅವಳು ನನ್ನನ್ನು ದಾಟಿ ಸಾವಕಾರನ ಮುಂದೆ ಹೋಗಿ ನಿಂತಳು. ದನಿ ಎತ್ತರಿಸಲಿಲ್ಲ.

"ಅರಿಷಿಣ ನಂದು, ಅವತ್ತ ಮುಟ್ಟಿದ ಕೂಡ್ಲೆ ಗೊತ್ತಾತು. ಗೊತ್ತಾದ ಮ್ಯಾಲೂ ಕೈ ಅದ್ದೇನಿ, ಇನ್ನೂ ಕಟ್ಟಿ ಬಿಟ್ಟಿಲ್ಲ. ಅರಿಷಿಣ ಅಂಗಡೀದು ಖರೇ. ನಿಮ್ಮ ಕೈ ಯಾವ ಅಂಗಡೀದ್ರಿ, ಸಾವಕಾರ್ರ?"